ಮೇಣದ ಮೇಲಿನ ಗುರುತು

ಎಲೆಕ್ಷನ್ ಮುಗಿದ ಮೂರನೇ ದಿನ
ಠಾಣೆಯಿಂದ ಬಿಡಿಸಿಕೊಂಡ ಕೋವಿಗಳೆಲ್ಲ
ನೇರ ನನ್ನ ಅಂಗಡಿಗೆ ಬರುತ್ತವೆ,
ಕೊರಳಿಗೆ ದಾರ, ದಾರಕ್ಕೆ ರಟ್ಟಿನ ಚೀಟಿ,
ಹೆರಿಗೆ ವಾರ್ಡಿನಿಂದ ಹೊರಬಿದ್ದ ಕೂಸುಗಳ ಹಾಗೆ.

ಸಕಲೇಶಪುರದಲ್ಲಿ ಹೊಳೆ ದಾಟಿದರೆ
ಪಂಕ್ಚರ್ ಹಾಕುವವನ ಪಕ್ಕ ಒಂದೇ ಬಾಗಿಲು.
ಬೋರ್ಡಿಲ್ಲ. ಎಣ್ಣೆ ವಾಸನೆ ಸಾಕು.

ಇವತ್ತು ಮೊದಲು ಬಂದವರು ಹಾನುಬಾಳಿನ ಸಿಂಗಪ್ಪಗೌಡರು.
ಅಜ್ಜನ ಕಾಲದ ಜೋಡುನಳಿಗೆ,
ಹೊರಗೆ ಎರಡು ಕುದುರೆ, ನಾಯಿ ಕಿವಿ ನಿಮಿರಿಸಿದಂತೆ.
'ಇಷ್ಟು ವರ್ಷಕ್ಕೆ ಹೋದದ್ದು ಒಂದು ಸ್ಪ್ರಿಂಗು ಆಚಾರ್ರೇ,
ಅದೂ ಎಪ್ಪತ್ತೆಂಟರಲ್ಲಿ.
ಈಗಿನವೂ ಒಂದು ಕೋವಿಯಾ? ನಲ್ಲಿ ಪೈಪು.'
ನಾನು ಮಾತಾಡಲಿಲ್ಲ. ಬಾಯಲ್ಲಿ ತಿರುಪು ಕಚ್ಚಿಕೊಂಡಿದ್ದೆ.

ಕೀಲು ಬಿಚ್ಚಿ ಬೆಳಕಿಗೆ ಹಿಡಿದೆ.
ಒಳಗೆ ನೋಡಬೇಕು ನೀವು:
ನಾನು ಕಾಣದ ಊರಿನ ಯಾವನೋ ಕಮ್ಮಾರ
ಯಾರ ಕಣ್ಣಿಗೂ ಬೀಳದ ಮೂಲೆಗೂ ಅರ ಹಾಕಿದ್ದಾನೆ.
ಒಂದೊಂದು ತಿರುಪಿಗೂ ಒಂದೊಂದೇ ಮನೆ,
ಎಡದ್ದನ್ನು ಬಲಕ್ಕೆ ಹಾಕಿದರೆ
ಅರ್ಧಕ್ಕೇ ನಿಂತು ಮೊಂಡು ಹಿಡಿಯುತ್ತದೆ.
ನಳಿಗೆಯ ತುಂಬ ಕಬ್ಬಿಣ ಉಕ್ಕು ಹೆಣೆದ ಜಡೆ.
ಮುಚ್ಚಿದರೆ, ಬೆಲ್ಲದ ಡಬ್ಬಿಗೆ ಅಜ್ಜಿ
ಮುಚ್ಚಳ ಒತ್ತಿದಷ್ಟೇ ಸದ್ದು.

ಅಷ್ಟರಲ್ಲಿ ಯಸಳೂರು ಕಡೆಯ ಪ್ರಫುಲ್ಲಮ್ಮ.
ಲೈಸೆನ್ಸು ತನ್ನ ಹೆಸರಿಗೆ ಮಾಡಿಸಿಕೊಂಡು
ಹೋದ ವರ್ಷ ಕೊಂಡದ್ದು.
ಕೈ ತಾಗುವಲ್ಲಿ ಕಪ್ಪು ಆಗಲೇ ಸುಲಿದಿದೆ.
ಬುಡದ್ದು ಯಾವ ಮರವೋ, ವಾರ್ನಿಷ್ ಹೇಳುವುದಿಲ್ಲ.
ಸೇಫ್ಟಿ ಒತ್ತಿದರೆ ಒಮ್ಮೆ ಸರಿಯುತ್ತದೆ, ಒಮ್ಮೆ ಯೋಚಿಸುತ್ತದೆ.
'ಆನೆ ಗದ್ದೆಗಿಳಿದಾಗ ಗಾಳಿಗೊಂದು ಈಡು, ಅಷ್ಟೇ ನನಗೆ ಬೇಕಿರೋದು.
ಹತ್ತರಲ್ಲಿ ಎರಡು ಸಲ ಬರೀ ಟಿಕ್ ಅನ್ನುತ್ತೆ.
ಆನೆಗೂ ಈಗ ಅದು ಗೊತ್ತಾಗಿಬಿಟ್ಟಿದೆ.'

ಗೌಡರು ನಕ್ಕರು, ವ್ಯಾಜ್ಯ ಗೆದ್ದವರ ನಗು.
ಮೀಸೆ ಸವರಲು ಎಡಗೈ ಎತ್ತಿದರು.
ಕಿರುಬೆರಳಿಲ್ಲ. ಅದರ ಪಕ್ಕದ್ದೂ ಇಲ್ಲ.

ಇಪ್ಪತ್ತು ವರ್ಷದಿಂದ ಆ ಕೈ ನೋಡಿದ್ದೇನೆ,
ದುಡ್ಡು ಎಣಿಸುವಾಗ, ಬೀಡಿ ಹಚ್ಚುವಾಗ.
ಕೇಳಿರಲಿಲ್ಲ. ಪ್ರಫುಲ್ಲಮ್ಮ ಕೇಳಿದರು.

'ಇದಾ? ಅಜ್ಜನದೇ ಇನ್ನೊಂದಿತ್ತು, ಇದರ ಜೊತೆಯದು.
ಹೊಸ ತೋಟಾ ಹಾಕಿದೆ, ತಡೀಲಿಲ್ಲ.
ಬಾಳೆಹೂವಿನ ಹಾಗೆ ಬಿಚ್ಕೊಂಡ್ತು ನಳಿಗೆ.'
'ಅದೆಲ್ಲಿ ಈಗ?'
'ಠಾಣೆಗೆ ಒಪ್ಪಿಸಿದ್ವಿ. ಅದನ್ನ ಯಾರಿಟ್ಕೋತಾರೆ?'

ಯಾರೂ ಇಟ್ಟುಕೊಳ್ಳುವುದಿಲ್ಲ.
ಅದಕ್ಕೇ ಜಗಲಿ ಗೋಡೆಯ ಮೇಲೆ
ಹಳೆಯದೆಲ್ಲ ಗಟ್ಟಿ.

ಖಾಲಿ ತೋಟಾದ ಬುಡಕ್ಕೆ ಮೇಣ ತುಂಬಿ
ಇಬ್ಬರ ಕೋವಿಗೂ ಹಾಕಿ ಕುದುರೆ ಬಿಟ್ಟೆ.
ಹೊಸದರ ಮೇಣದಲ್ಲಿ ಬಲಕ್ಕೆ ತೂತು,
ಎಡಕ್ಕೆ ಸೊಳ್ಳೆ ಕಚ್ಚಿದಷ್ಟು.
ಡಬ್ಬದಲ್ಲಿ ಅದರ ಸೂಜಿ ಡಜನ್ ಇವೆ, ಎಲ್ಲ ಒಂದೇ ಅಳತೆ,
ಕೊಂಚ ಉಜ್ಜಿ ಕೂರಿಸಿದೆ. ಇನ್ನೂರು ರೂಪಾಯಿ.
ಅವರು ಎಣಿಸಿ ಕೊಟ್ಟು, ಚೀಲಕ್ಕಿಳಿಸಿ, ಬಸ್ಸಿಗೆ ಓಡಿದರು.

ಹಳೆಯದರ ಎರಡು ಗುರುತೂ ಅಚ್ಚೊತ್ತಿದಂತೆ.
'ನಾ ಹೇಳ್ಲಿಲ್ವಾ?' ಅಂದರು ಗೌಡರು.

ಎಣ್ಣೆ ಬಟ್ಟೆ ಎಳೆದೆ, ಮೇಲಿಂದ ಕೆಳಗೆ.
ನಳಿಗೆಯ ಅಡಿಯಲ್ಲಿ, ಎಡಗೈ ಹಿಡಿಯುವ ಜಾಗದಲ್ಲಿ,
ಬಟ್ಟೆಯ ಒಂದು ನೂಲು ಸಿಕ್ಕಿಕೊಂಡಿತು.
ಜಡೆಯದೇ ಎಳೆಯೋ, ಬಿರುಕೋ?
ಕನ್ನಡಕ ಹಾಕಿ ನೋಡಿದೆ. ತೆಗೆದು, ಉಗುರಲ್ಲಿ ನೋಡಿದೆ.
ಉಗುರು ನಿಂತಿತು.

ಗೌಡರು ಎಂಟು ಬೆರಳಲ್ಲಿ ಬೀಡಿ ಹುಡುಕುತ್ತಿದ್ದಾರೆ.
ಗೆರೆಯ ಮೇಲೆ ಹೆಬ್ಬೆಟ್ಟು ಇಟ್ಟುಕೊಂಡೇ
ಪಂಕ್ಚರಿನ ಹುಡುಗನಿಗೆ ಕೂಗಿ ಹೇಳಿದೆ,
ಎರಡು ಟೀ ತಾರೋ,
ಒಂದಕ್ಕೆ ಸಕ್ಕರೆ ಜಾಸ್ತಿ.